ಬೈಕಿನ ಕವರು ಬಾಕ್ಸಿನ ತಳಕ್ಕೆ ಹೋಗಬಾರದು

ಮೊದಲ ಸಲ ದೂರದ ಟ್ರಿಪ್ ಹೊರಟಾಗ ಬೈಕಿಗೆ ಅಂತ ಒಂದು ಒಳ್ಳೆಯ ಕವರ್ ತಗೊಂಡು ಹೋಗಿದ್ದೆ. ಒಂಬತ್ತು ದಿನದಲ್ಲಿ ಒಂದೇ ಒಂದು ರಾತ್ರಿಯೂ ಅದನ್ನು ಹೊದಿಸಲಿಲ್ಲ. ಮಳೆ ಬರಲಿಲ್ಲವಾ ಅಂದರೆ, ಬಂತು, ಮೂರು ರಾತ್ರಿ ಬಂತು. ನೀರು ಕುಡಿದ ಸೀಟಿನ ಮೇಲೆ ಕೂತು, ಪ್ಯಾಂಟು ಒದ್ದೆ ಮಾಡಿಕೊಂಡೇ ಓಡಿಸಿದೆ. ಮನೆಗೆ ಬಂದು ಸಾಮಾನು ಇಳಿಸುವಾಗ ಕಾರಣ ಕಣ್ಣಿಗೆ ಬಿತ್ತು. ಕವರು ಎಡಗಡೆ ಬಾಕ್ಸಿನ ತಳದಲ್ಲಿತ್ತು. ಅದರ ಮೇಲೆ ಬಟ್ಟೆ, ಬಟ್ಟೆಯ ಮೇಲೆ ಪಂಕ್ಚರ್ ಕಿಟ್, ಅದರ ಮೇಲೆ ಚಪ್ಪಲಿ. ಕತ್ತಲಾದ ಮೇಲೆ ಸೊಂಟ ಹಿಡಿದುಕೊಂಡು ಇಳಿದವನು ಇಷ್ಟನ್ನೂ ನೆಲಕ್ಕೆ ಹರವಿ ಕವರು ಹುಡುಕುತ್ತಾನಾ? "ಇವತ್ತೊಂದು ರಾತ್ರಿ ತಾನೇ" ಅಂತ ಹೋಗಿ ಮಲಗುತ್ತಾನೆ.

ಅವತ್ತಿನಿಂದ ನನ್ನದು ಒಂದೇ ಲೆಕ್ಕ. ಕವರು ಎಲ್ಲದಕ್ಕಿಂತ ಕೊನೆಗೆ ಒಳಗೆ ಹೋಗಬೇಕು, ಎಲ್ಲದಕ್ಕಿಂತ ಮೊದಲು ಹೊರಗೆ ಬರಬೇಕು. ಯಾವ ಕವರ್ ಕೊಳ್ಳಬೇಕು, ಹೇಗೆ ಮಡಚಬೇಕು, ಎಲ್ಲಿ ಕಟ್ಟಬೇಕು ಅನ್ನುವುದನ್ನೆಲ್ಲ ನಾನು ಇದರಿಂದಲೇ ತೀರ್ಮಾನ ಮಾಡುತ್ತೇನೆ.

ಮೊದಲು ಕವರಿನ ಮಾತು. ಮನೆಯಲ್ಲಿ ವರ್ಷವಿಡೀ ಬೈಕಿನ ಮೇಲೆ ಬಿದ್ದಿರುವ ದಪ್ಪ ಕವರನ್ನೇ ಪ್ರವಾಸಕ್ಕೂ ಒಯ್ಯುತ್ತೇನೆ ಅಂದರೆ ಕೆಲಸ ಕೆಡುತ್ತದೆ. ಅದು ಬಾಳಿಕೆ ಬರುತ್ತದೆ ನಿಜ, ಆದರೆ ಮಡಚಿದರೆ ದಿಂಬಿನಷ್ಟಾಗುತ್ತದೆ. ಪ್ರವಾಸಕ್ಕೆ ತೆಳು ಬಟ್ಟೆಯದೇ ಬೇರೆ ಇರಲಿ. ಕವರಿನ ಮೇಲೆ 190ಟಿ, 210ಡಿ ಅಂತೆಲ್ಲ ಬರೆದಿರುತ್ತದಲ್ಲ, ಎರಡೂ ಒಂದೇ ಅಂದುಕೊಳ್ಳಬೇಡಿ. ಡಿ ಅಂದರೆ ಡೆನಿಯರ್, ನೂಲಿನ ದಪ್ಪ. 9000 ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತದೆ ಅನ್ನುವ ಲೆಕ್ಕ ಅದು. ಟಿ ಅಂದರೆ ಒಂದು ಚದರ ಇಂಚಿನಲ್ಲಿ ಹಾಸು ಹೊಕ್ಕು ಸೇರಿ ಎಷ್ಟು ಎಳೆ ಇವೆ ಅನ್ನುವುದು. ಹಾಗಾಗಿ ನಂಬರ್ ಜಾಸ್ತಿ ಇದೆ ಅಂತ ಬಟ್ಟೆ ಗಟ್ಟಿ ಅಂತ ಅಲ್ಲ. ಕೈಯಲ್ಲಿ ಹಿಡಿದು, ಮುದುಡಿ ನೋಡಿ. ಮುಷ್ಟಿಯಲ್ಲಿ ಸದ್ದು ಮಾಡದೆ ಕೂರುವ ಬಟ್ಟೆ ಚೀಲದಲ್ಲೂ ಕೂರುತ್ತದೆ. ಪ್ಲಾಸ್ಟಿಕ್ ಹಾಳೆಯ ಹಾಗೆ ಕರಕರ ಅನ್ನುವುದು ಪ್ರತಿ ದಿನ ಬೆಳಿಗ್ಗೆ ನಿಮ್ಮ ಜೊತೆ ಜಗಳ ಆಡುತ್ತದೆ.

ಇನ್ನು ಪೂರ್ತಿ ಕವರಾ, ಅರ್ಧ ಕವರಾ? ಪೂರ್ತಿ ಅಂದರೆ ಚಕ್ರದವರೆಗೂ ಮುಚ್ಚುವುದು. ಅರ್ಧ ಅಂದರೆ ಹ್ಯಾಂಡಲ್, ಮೀಟರ್, ಟ್ಯಾಂಕ್, ಸೀಟು, ಇಷ್ಟನ್ನು ಮಾತ್ರ ಮುಚ್ಚುವುದು. ನಾನು ಎಂಟು ವರ್ಷದಿಂದ ಅರ್ಧ ಕವರಿನ ಪಕ್ಷ. ದಿನವಿಡೀ ಮಳೆ, ಕೆಸರಲ್ಲಿ ಓಡಿದ ಚಕ್ರ, ಚೈನು ರಾತ್ರಿ ಒಂದಿಷ್ಟು ಇಬ್ಬನಿ ಬಿದ್ದರೆ ಹಾಳಾಗುವುದಿಲ್ಲ. ಹಾಳಾಗುವುದು ಸೀಟಿನ ಹೊಲಿಗೆಯಿಂದ ನೀರು ಒಳಗಿಳಿದ ಸ್ಪಂಜು, ನೀರು ಹೊಕ್ಕ ಸ್ವಿಚ್ಚು, ಬಿಸಿಲಿಗೆ ಬಿಳಚುವ ಪ್ಲಾಸ್ಟಿಕ್. ಇವೆಲ್ಲ ಮೇಲ್ಭಾಗದಲ್ಲೇ ಇವೆ. ಅರ್ಧ ಕವರು ಸೈಲೆನ್ಸರ್ ತನಕ ಇಳಿಯುವುದೂ ಇಲ್ಲ. ನನ್ನದು ಮಡಚಿದರೆ ನೀರಿನ ಬಾಟಲಿಗಿಂತ ಸ್ವಲ್ಪ ದಪ್ಪ, ಅಷ್ಟೇ. ಪೂರ್ತಿ ಕವರು ಬೇಕಾಗುವುದು ಎರಡೇ ಕಡೆ. ಒಂದು, ಸಮುದ್ರದ ಪಕ್ಕ ಉಪ್ಪು ಗಾಳಿಯಲ್ಲಿ ನಾಲ್ಕೈದು ದಿನ ನಿಲ್ಲಿಸುವಾಗ. ಇನ್ನೊಂದು, ದಾರಿಹೋಕರ ಕಣ್ಣು ಬೀಳುವ ಜಾಗದಲ್ಲಿ. ಒಳಗೆ ಯಾವ ಬೈಕ್ ಇದೆ ಅಂತ ಗೊತ್ತಾಗದಿದ್ದರೆ ಕೈ ಹಾಕುವವರು ಸ್ವಲ್ಪ ಕಡಿಮೆ.

ಟ್ರೈಕ್, ಅಂದರೆ ಮೂರು ಚಕ್ರದ ಬೈಕು ಇದ್ದವರಿಗೆ ಇದೇ ಮಾತು ಇನ್ನೂ ಜಾಸ್ತಿ ಅನ್ವಯಿಸುತ್ತದೆ. ಮೊಣಕಾಲು ಕೈಕೊಟ್ಟ ಮೇಲೆ ನಮ್ಮ ಅಣ್ಣ ಬೈಕ್ ಬಿಟ್ಟು ಟ್ರೈಕ್ ಹತ್ತಿದ. ಮೊದಲ ಪ್ರವಾಸಕ್ಕೆ ತನ್ನ ಹಳೇ ಬೈಕಿನ ಕವರನ್ನೇ ತಂದಿದ್ದ. ಮುಂದೆ ಸರಿಯಾಗಿ ಕೂತಿತು, ಹಿಂದೆ ಚಿಕ್ಕ ಮಗುವಿನ ಅಂಗಿ ದೊಡ್ಡವರಿಗೆ ಹಾಕಿದ ಹಾಗೆ ಅರ್ಧಕ್ಕೇ ನಿಂತಿತು. ಟ್ರೈಕಿನಲ್ಲಿ ಎರಡು ಜಾತಿ. ಹಾರ್ಲೆ-ಡೇವಿಡ್‌ಸನ್ ಟ್ರೈ ಗ್ಲೈಡ್ ತರಹದ್ದಕ್ಕೆ ಹಿಂದೆ ಎರಡು ಚಕ್ರ. ಕ್ಯಾನ್-ಆಮ್ ಸ್ಪೈಡರ್ ತರಹದ್ದಕ್ಕೆ ಮುಂದೆ ಎರಡು. ಒಂದಕ್ಕೆ ಹೊಲಿದದ್ದು ಇನ್ನೊಂದಕ್ಕೆ ಆಗುವುದಿಲ್ಲ. ಅಗಲ ಇರುವ ಕಡೆ ಟೇಪ್ ಹಿಡಿದು ಅಳೆಯಿರಿ, ಕನ್ನಡಿ, ಆಂಟೆನಾ, ಹಿಂದೆ ಕೂರುವವರ ತೋಳುಗಟ್ಟು ಎಲ್ಲ ಸೇರಿಸಿ. ಟ್ರೈಕಿನ ಪೂರ್ತಿ ಕವರು ಡಿಕ್ಕಿಯ ಕಾಲು ಭಾಗ ತಿಂದುಹಾಕುತ್ತದೆ. ಅಣ್ಣ ಒಂದು ವರ್ಷ ಅದನ್ನು ಹೊತ್ತು ತಿರುಗಿ, ಆಮೇಲೆ ಸೀಟು ಮತ್ತು ಡ್ಯಾಶ್‌ಬೋರ್ಡ್ ಮುಚ್ಚುವ ಅರ್ಧ ಕವರಿಗೆ ಬಂದ. ಹಿಂದಿನ ಡಿಕ್ಕಿ ಹೇಗಿದ್ದರೂ ನೆನೆಯಲೆಂದೇ ಮಾಡಿದ್ದು, ಅಲ್ವಾ.

ಈಗ ನಾನು ಸುಟ್ಟುಕೊಂಡ ಕಥೆ. ಅರ್ಧ ಕವರಿಗೆ ಬರುವ ಮೊದಲಿನದು. ಒಂದು ಸಂಜೆ ಮೋಡ ಕಟ್ಟುತ್ತಿತ್ತು ಅಂತ ಗಾಡಿ ನಿಲ್ಲಿಸಿದ ತಕ್ಷಣ ಪೂರ್ತಿ ಕವರು ಎಳೆದೆ. ಒಳಗೆ ಹೋಗಿ ಮುಖ ತೊಳೆಯುವಷ್ಟರಲ್ಲಿ ಕಟು ವಾಸನೆ. ಬಂದು ನೋಡಿದರೆ ಅಂಗೈಯಷ್ಟು ಬಟ್ಟೆ ಸೈಲೆನ್ಸರಿಗೆ ಕರಗಿ ಮೆತ್ತಿಕೊಂಡಿದೆ. ಪಾಲಿಯೆಸ್ಟರ್ ಕರಗಲು ಸುಮಾರು 250 ಡಿಗ್ರಿ ಸೆಲ್ಸಿಯಸ್ ಬೇಕು, ಓಡಿ ಬಂದ ಎಂಜಿನ್ನಿನ ಪೈಪು ಅದನ್ನು ಸುಲಭವಾಗಿ ಮುಟ್ಟುತ್ತದೆ. ನೀರು ತಡೆಯಲು ಬಟ್ಟೆಗೆ ಬಳಿದ ಲೇಪನ ಅದಕ್ಕೂ ಮೊದಲೇ ಮೆತ್ತಗಾಗುತ್ತದೆ.

ಅಂಟಿದ್ದನ್ನು ಚಾಕುವಿನಿಂದ ಕೆರೆಯಬೇಡಿ, ಕ್ರೋಮಿಗೆ ಗೀರು ಬೀಳುತ್ತದೆ. ಬಯಲಲ್ಲಿ ನಿಲ್ಲಿಸಿ ಎಂಜಿನ್ ಮೂರ್ನಾಲ್ಕು ನಿಮಿಷ ಓಡಿಸಿ, ಅಂಟಿದ್ದು ಮೆದುವಾದ ಮೇಲೆ ಆಫ್ ಮಾಡಿ. ಗ್ಲೌಸ್ ಹಾಕಿಕೊಂಡು, ಮರದ ಚಪ್ಪಟೆ ಕಡ್ಡಿಯಿಂದ ಒಂದೇ ದಿಕ್ಕಿಗೆ ತಳ್ಳಿ. ಹೊಗೆ ಮೂಗಿಗೆ ಹೋಗದ ಹಾಗೆ ಗಾಳಿ ಬರುವ ಕಡೆ ನಿಲ್ಲಿ. ನಾಲ್ಕು ಸಲ ಹೀಗೆ ಮಾಡಿದ ಮೇಲೆ ನನ್ನದು ಹೋಯಿತು. ಬಣ್ಣ ಮಾತ್ರ ಇವತ್ತಿಗೂ ಅಲ್ಲಿ ಸ್ವಲ್ಪ ಕಂದು.

ಎಷ್ಟು ಹೊತ್ತು ಕಾಯಬೇಕು ಅಂತ ಕೇಳಿದರೆ ಅರ್ಧ ಗಂಟೆ ಅನ್ನುತ್ತೇನೆ. ಗಡಿಯಾರ ನೋಡುವುದಕ್ಕಿಂತ ಇನ್ನೊಂದು ಸುಲಭದ ದಾರಿ ಇದೆ. ನೀರಿಗೆ ಬೆರಳು ಅದ್ದಿ ಸೈಲೆನ್ಸರ್ ಮೇಲೆ ಎರಡು ಹನಿ ಚಿಮುಕಿಸಿ. ಚುರ್ ಅಂದರೆ ಇನ್ನೂ ಹೊತ್ತಿದೆ. ಹನಿ ಸುಮ್ನೆ ಜಾರಿ ಹೋದರೆ ಅಂಗೈ ಹಿಂಭಾಗವನ್ನು ಹತ್ತಿರ ಹಿಡಿದು ನೋಡಿ, ಬಿಸಿ ತಡೆಯುವಂತಿದ್ದರೆ ಹೊದಿಸಿ. ಅಷ್ಟರೊಳಗೆ ಮಳೆ ಶುರುವಾದರೆ ಸೀಟಿನ ಭಾಗಕ್ಕೆ ಮಾತ್ರ ಹಾಕಿ, ಪಕ್ಕದ ಅಂಚು ಮೇಲಕ್ಕೆ ಮಡಚಿಟ್ಟಿರಿ. ಕೆಲವು ಕವರಿಗೆ ಸೈಲೆನ್ಸರ್ ಜಾಗದಲ್ಲಿ ಶಾಖ ತಡೆಯುವ ಬೆಳ್ಳಿ ಬಣ್ಣದ ಬಟ್ಟೆ ಹೊಲಿದಿರುತ್ತಾರೆ. ಒಳ್ಳೆಯದೇ, ಆದರೆ ಅದು ನಿಮ್ಮ ಸೈಲೆನ್ಸರ್ ಇರುವ ಪಕ್ಕಕ್ಕೇ ಬರುತ್ತದಾ ನೋಡಿಕೊಳ್ಳಿ.

ಮಡಚುವುದಕ್ಕೆ ಬರೋಣ. ಕವರು ಮಡಚುವ ಕೆಲಸ ನೆಲದ ಮೇಲೆ ಅಲ್ಲ, ಬೈಕಿನ ಮೇಲೆಯೇ ಆಗಬೇಕು. ನೆಲದ ಮೇಲೆ ಹರವಿದರೆ ಮರಳು, ಕಸ ಒಳಮೈಗೆ ಹತ್ತುತ್ತದೆ. ರಾತ್ರಿ ಅದೇ ಮರಳು ಟ್ಯಾಂಕಿನ ಬಣ್ಣವನ್ನು ಉಜ್ಜುತ್ತದೆ.

ಬೆಳಿಗ್ಗೆ ಮೊದಲು ಬೈಕಿನ ಹೊಟ್ಟೆಯ ಕೆಳಗೆ ಬಿಗಿದ ಕವರಿನ ಪಟ್ಟಿ ಬಿಚ್ಚಿ, ಬಕಲ್ ಟ್ಯಾಂಕಿಗೆ ಬಡಿಯದ ಹಾಗೆ ಹೊರಗೆ ಇಳಿಬಿಡಿ. ಕವರಿನ ಮೇಲಿನ ಇಬ್ಬನಿಯನ್ನು ಕೈಯಲ್ಲಿ ಸವರಿ ಕೆಳಗೆ ಬೀಳಿಸಿ. ಎಡಗಡೆ ಅಂಚು ಹಿಡಿದು ಸೀಟಿನ ನಡುವಿನವರೆಗೆ ಎತ್ತಿ ಮಡಚಿ. ಬಲಗಡೆಯದೂ ಹಾಗೆಯೇ. ಈಗ ಬೈಕಿನ ಉದ್ದಕ್ಕೂ ಎರಡು ಅಡಿ ಅಗಲದ ಪಟ್ಟಿ ಮಲಗಿರುತ್ತದೆ. ಇದರಲ್ಲಿ ಒಂದು ಚಂದ ಇದೆ. ಧೂಳು, ಹಕ್ಕಿ ಹಿಕ್ಕೆ ಬಿದ್ದ ಹೊರಮೈ ಹೊರಮೈಗೇ ತಾಗಿ ಒಳಗೆ ಮುಚ್ಚಿಹೋಯಿತು. ಬೈಕಿಗೆ ತಾಗುವ ಮೈ ಸ್ವಚ್ಛವಾಗಿಯೇ ಉಳಿಯಿತು.

ಆಮೇಲೆ ಹಿಂಬದಿಯಿಂದ ಮುಂದಕ್ಕೆ ಚಾಪೆ ಸುತ್ತುವ ಹಾಗೆ ಸುತ್ತುತ್ತಾ ಬನ್ನಿ. ಸುತ್ತುವಾಗ ಎರಡೂ ಕೈಯಿಂದ ಒತ್ತಿ, ಗಾಳಿ ಹೊರಗೆ ಹೋಗಲಿ. ಕೊನೆಗೆ ಮುಂಬದಿಯ ಅಂಚು ಸುರುಳಿಯ ಹೊರಗೆ ಉಳಿಯುತ್ತದೆ. ರಾತ್ರಿ ಸುರುಳಿಯನ್ನು ಹ್ಯಾಂಡಲ್ ಮೇಲಿಟ್ಟು, ಆ ಅಂಚನ್ನು ಮುಂದಕ್ಕೆ ಇಳಿಬಿಟ್ಟು, ಹಿಂದಕ್ಕೆ ಬಿಚ್ಚುತ್ತಾ ಹೋದರೆ ಮುಗಿಯಿತು. ಎರಡೂ ಪಕ್ಕ ತಾವೇ ಇಳಿಯುತ್ತವೆ. ಗಾಳಿ ಇದ್ದಾಗ ಈ ಉಪಾಯದ ಬೆಲೆ ಗೊತ್ತಾಗುತ್ತದೆ. ಬಿಚ್ಚಿದಷ್ಟು ಬಟ್ಟೆಗೆ ಮಾತ್ರ ಗಾಳಿ ಸಿಗುತ್ತದೆ, ಮಿಕ್ಕದ್ದು ನಿಮ್ಮ ಕೈಯಲ್ಲೇ ಇರುತ್ತದೆ.

ಕತ್ತಲಲ್ಲಿ ಯಾವುದು ಮುಂದು, ಯಾವುದು ಹಿಂದು ಅಂತ ತಿಳಿಯದೆ ನಾನು ಎಷ್ಟೋ ಸಲ ಕವರಿನೊಳಗೆ ತಲೆ ತೂರಿಸಿ ಒದ್ದಾಡಿದ್ದೇನೆ. ಒಂದು ದಿನ ಅತ್ತಿಗೆ ನೋಡಿ ನಕ್ಕರು. "ಅಲ್ಲಪ್ಪಾ, ಮೂತಿಗೊಂದು ಗುರುತು ಹಾಕಬಾರದಾ?" ಅಂದು, ಮುಂಬದಿಯ ಅಂಚಿಗೆ ಒಂದು ಗೇಣು ಕೆಂಪು ರಿಬ್ಬನ್ ಹೊಲಿದುಕೊಟ್ಟರು. ಕಂಪನಿಯವರು ಒಂದು ಮೂಲೆಯಲ್ಲಿ ಹೊಲಿದ ಬೂದು ಬಣ್ಣದ ಚೀಟಿಗಿಂತ ಇದು ನೂರು ಪಾಲು ವಾಸಿ. ಮುಟ್ಟಿದರೇ ಗೊತ್ತಾಗುತ್ತದೆ.

ಇನ್ನೊಂದು ಮಾತು. ಪ್ರತಿ ದಿನ ಅದೇ ಗೆರೆಗೇ ಮಡಚಬೇಡಿ. ಮಡಿಕೆ ಬಿದ್ದ ಕಡೆಯಲ್ಲೇ ಒಳಗಿನ ಲೇಪನ ಮೊದಲು ಬಿರುಕು ಬಿಡುವುದು. ಒಂದು ದಿನ ಎರಡು ಇಂಚು ಆ ಕಡೆ, ಇನ್ನೊಂದು ದಿನ ಈ ಕಡೆ. ತುಂಬ ತೆಳು ಬಟ್ಟೆಯಾದರೆ ಮಡಚದೆ ಚೀಲಕ್ಕೆ ತುರುಕಿದರೂ ನಡೆಯುತ್ತದೆ.

ಚೀಲದ ವಿಷಯಕ್ಕೆ ನನಗೆ ಸ್ವಲ್ಪ ಸಿಟ್ಟಿದೆ. ಕವರಿನ ಜೊತೆ ಕೊಡುವ ಚೀಲದೊಳಗೆ ಕವರು ಸರಿಯಾಗಿ ಕೂರುವುದು ಒಂದೇ ಸಲ, ಕಂಪನಿಯವರು ತುಂಬಿಸಿದಾಗ. ಆಮೇಲೆ ಮಂಡಿ ಊರಿ ಒತ್ತಿದರೂ ಹಿಡಿಸುವುದಿಲ್ಲ. ಅದನ್ನು ಬೇರೆ ಯಾವುದಕ್ಕಾದರೂ ಇಟ್ಟುಕೊಳ್ಳಿ. ಅದರ ಒಂದೂವರೆ ಪಟ್ಟು ದೊಡ್ಡದಾದ, ಬಾಯಿಗೆ ಲಾಡಿ ಇರುವ ಚೀಲ ಮಾಡಿಸಿ. ಚೀಲವನ್ನು ಕವರಿನ ಒಳಗಡೆ ಹಿಂಬದಿಯ ಅಂಚಿಗೆ ಒಂದು ಗೇಣು ಲಾಡಿಯಿಂದ ಹೊಲಿದುಬಿಟ್ಟರೆ ಕಳೆಯುವ ಮಾತೇ ಇಲ್ಲ. ಸುರುಳಿಯನ್ನು ಚೀಲಕ್ಕೆ ಹಾಕುವಾಗ ಈ ಲಾಡಿ ಸುರುಳಿಯ ನಡುವಿನಿಂದ ಹೊರಗೆ ಬಂದಿರಲಿ. ನಾನು ಹೀಗೆ ಮಾಡುವ ಮೊದಲು ಎರಡು ಚೀಲ ಗಾಳಿಗೆ ಹಾರಿಹೋಗಿವೆ.

ಎಲ್ಲಿ ಇಡಬೇಕು? ಸೀಟಿನ ಹಿಂದೆ ಕೂರುವ ಟಾಪ್ ಬಾಕ್ಸ್ ಇದ್ದರೆ ಎಲ್ಲ ಸಾಮಾನಿನ ಮೇಲೆ, ಮುಚ್ಚಳ ತೆಗೆದ ತಕ್ಷಣ ಕೈಗೆ ಸಿಗುವ ಹಾಗೆ. ಬಾಕ್ಸ್ ಇಲ್ಲದಿದ್ದರೆ ಹಿಂದಿನ ಬ್ಯಾಗಿನ ಮೇಲೆ ಅಡ್ಡಲಾಗಿ. ಭಾರದ ಸಾಮಾನು ಕೆಳಗೆ, ನಡುವಿಗೆ ಇರಬೇಕು ಅನ್ನುವ ನಿಯಮ ಕವರಿಗೆ ಅಷ್ಟಾಗಿ ಬೇಕಿಲ್ಲ, ಅದು ಹಗುರ. ಎರಡು ಜಾಗ ಮಾತ್ರ ಬೇಡವೇ ಬೇಡ. ಸೈಲೆನ್ಸರ್ ಪಕ್ಕ ಜೋತುಬೀಳುವ ಜಾಗ ಒಂದು. ಹ್ಯಾಂಡಲ್ ಮುಂದೆ ಇನ್ನೊಂದು, ಅಲ್ಲಿ ಹೆಡ್‌ಲೈಟು ಮುಚ್ಚುತ್ತದೆ, ಕೇಬಲ್ ಒತ್ತುತ್ತದೆ, ತಿರುವಿನಲ್ಲಿ ಹ್ಯಾಂಡಲ್ ಪೂರ್ತಿ ತಿರುಗಲು ಬಿಡುವುದಿಲ್ಲ. ರೇಡಿಯೇಟರಿಗೆ ಬರುವ ಗಾಳಿಯನ್ನೂ ತಡೆಯಬಾರದು.

ಕಟ್ಟಲು ನಾನು ಬಕಲ್ ಇರುವ ಚಪ್ಪಟೆ ಪಟ್ಟಿ ಬಳಸುತ್ತೇನೆ, ಎರಡು. ಕೊಕ್ಕೆ ಇರುವ ರಬ್ಬರ್ ಹಗ್ಗ ಬಿಟ್ಟು ಹಲವು ವರ್ಷವಾಯಿತು. ಎಳೆದು ಹಿಡಿದ ಕೊಕ್ಕೆ ಜಾರಿದರೆ ನೇರ ಮುಖಕ್ಕೆ ಬರುತ್ತದೆ, ಕಣ್ಣು ಹೋದವರಿದ್ದಾರೆ. ಪಟ್ಟಿ ಬಿಗಿದ ಮೇಲೆ ಉಳಿದ ಬಾಲವನ್ನು ಹಾಗೇ ಬಿಡಬೇಡಿ. ಸುತ್ತಿ ಪಟ್ಟಿಯ ಕೆಳಗೇ ಸಿಕ್ಕಿಸಿ. ಒಮ್ಮೆ ನನ್ನ ಪಟ್ಟಿಯ ಬಾಲ ಬಿಚ್ಚಿಕೊಂಡು ಹಾರಾಡುತ್ತಿದ್ದದ್ದನ್ನು ಹಿಂದೆ ಬರುತ್ತಿದ್ದ ಅಣ್ಣ ನೋಡಿ ಹಾರ್ನ್ ಹೊಡೆದು ನಿಲ್ಲಿಸಿದ. ತುದಿ ಚೈನಿನಿಂದ ನಾಲ್ಕು ಬೆರಳು ದೂರದಲ್ಲಿತ್ತು. "ಚಕ್ರಕ್ಕೆ ಸಿಕ್ಕಿದ್ದರೆ ನಿನ್ನನ್ನೂ ಸುರುಳಿ ಸುತ್ತುತ್ತಿತ್ತು ಕಣೋ" ಅಂದ. ಅವತ್ತಿನಿಂದ ಹೊರಟು ಹತ್ತು ಕಿಲೋಮೀಟರ್ ಆದ ಮೇಲೆ ಒಂದು ಸಲ ನಿಲ್ಲಿಸಿ ಪಟ್ಟಿ ಮುಟ್ಟಿ ನೋಡುತ್ತೇನೆ. ಅಷ್ಟು ದೂರಕ್ಕೆ ಸಾಮಾನು ಕುಲುಕಿ ತಳ ಕಚ್ಚಿರುತ್ತದೆ, ಪಟ್ಟಿ ಸಡಿಲ ಆಗಿರುತ್ತದೆ. ಒಮ್ಮೆ ಬಿಗಿದರೆ ಸಂಜೆಯವರೆಗೆ ಚಿಂತೆ ಇಲ್ಲ.

ಒದ್ದೆ ಕವರಿನ ಕಥೆ ಬೇರೆಯೇ. ರಾತ್ರಿ ಮಳೆ ಬಂದರೆ ಬೆಳಿಗ್ಗೆ ಅದು ಒಣಗುವ ತನಕ ಯಾರೂ ಕಾಯುವುದಿಲ್ಲ. ಅಣ್ಣ ಒಮ್ಮೆ ಹಾಗೆಯೇ ಸುತ್ತಿ ಡಿಕ್ಕಿಗೆ ಹಾಕಿ ಮರೆತ. ಮೂರು ದಿನದ ಮೇಲೆ ತೆರೆದಾಗ ಮುಗ್ಗಲು ವಾಸನೆ ಪಕ್ಕದಲ್ಲಿದ್ದ ಬಟ್ಟೆಗೂ ಹತ್ತಿತ್ತು. ಅಣ್ಣನ ಕವರಿಗೆ ಅದು ಅಭ್ಯಾಸವೇ ಆಗಿತ್ತು. ಎರಡು ವರ್ಷದಲ್ಲಿ ಒಳಮೈ ಗೋಂದಿನ ಹಾಗೆ ಅಂಟಲು ಶುರುವಾಯಿತು, ಆಮೇಲೆ ಹಾಳೆ ಹಾಳೆಯಾಗಿ ಕಿತ್ತು ಬಂತು. ಒಳಗಿನ ಪಾಲಿಯುರೆಥೇನ್ ಲೇಪನಕ್ಕೆ ತೇವ ಮತ್ತು ಶಾಖ ಒಟ್ಟಿಗೆ ಸೇರಿದರೆ ಆಗುವುದಿಲ್ಲ. ನೀರು ಅದನ್ನು ನಿಧಾನಕ್ಕೆ ಒಡೆಯುತ್ತದೆ, ಶಾಖ ಆ ಕೆಲಸವನ್ನು ಬೇಗ ಮಾಡಿಸುತ್ತದೆ. ಬಿಸಿಲಲ್ಲಿ ನಿಂತ ಮುಚ್ಚಿದ ಡಿಕ್ಕಿಗಿಂತ ಅದಕ್ಕೆ ಕೆಟ್ಟ ಜಾಗ ಇಲ್ಲ.

ಒದ್ದೆ ಇದ್ದರೆ ನಾನು ಹೀಗೆ ಮಾಡುತ್ತೇನೆ. ಇಬ್ಬರಿದ್ದರೆ ಎರಡು ತುದಿ ಹಿಡಿದು ಜೋರಾಗಿ ಕೊಡವುತ್ತೇವೆ, ಒಬ್ಬನೇ ಇದ್ದರೆ ಮೈಕ್ರೋಫೈಬರ್ ಬಟ್ಟೆಯಿಂದ ಒರೆಸುತ್ತೇನೆ. ಆ ದಿನ ಚೀಲ ಬೇಡ. ಬಲೆಯ ಚೀಲದಲ್ಲಿ ಹಾಕಿ ಬ್ಯಾಗಿನ ಮೇಲೆ ಕಟ್ಟಿದರೆ ಓಡುವ ಗಾಳಿಗೇ ಅರ್ಧ ಒಣಗುತ್ತದೆ. ಮಧ್ಯಾಹ್ನ ನಿಲ್ಲಿಸಿದಾಗ ಒಳಮೈ ಮೇಲೆ ಮಾಡಿ ಪೊದೆಗೋ ಬೇಲಿಗೋ ಹತ್ತು ನಿಮಿಷ ಹರವುತ್ತೇನೆ. ಬೈಕಿನ ಮೇಲೆ ಹರವಬೇಡಿ. ಯಾಕೆ ಅಂತ ಮೇಲೆ ಹೇಳಿದ್ದೇನೆ, ಸೈಲೆನ್ಸರ್ ಮರೆಯುವುದಿಲ್ಲ. ದಿನವಿಡೀ ಮಳೆಯೇ ಆದರೆ ನೀರು ಸೋರದ ಬೇರೆ ಚೀಲಕ್ಕೆ ಹಾಕಿ, ಸಂಜೆ ತಪ್ಪದೆ ತೆಗೆಯಿರಿ.

ಕೆಲವು ರಾತ್ರಿ ಕವರು ಹಾಕದಿರುವುದೇ ಸರಿ. ಗಾಳಿ ತುಂಬ ಜೋರಿದ್ದರೆ ಪೂರ್ತಿ ಕವರು ಹಾಯಿಯಂತೆ ಉಬ್ಬಿ, ಸೈಡ್ ಸ್ಟ್ಯಾಂಡಿನ ಮೇಲಿರುವ ಬೈಕನ್ನು ಬೀಳಿಸಬಹುದು. ಟ್ರೈಕ್ ಬೀಳುವುದಿಲ್ಲ, ಆದರೆ ಬಟ್ಟೆ ರಾತ್ರಿಯೆಲ್ಲ ಪಟಪಟ ಬಡಿದು ಬಣ್ಣ ಉಜ್ಜುತ್ತದೆ. ಕೆಸರು ಮೆತ್ತಿದ ಗಾಡಿಗೂ ಅಷ್ಟೇ, ಟ್ಯಾಂಕಿನ ಮೇಲಿನದನ್ನಾದರೂ ನೀರು ಹಾಕಿ ತೊಳೆದು ಆಮೇಲೆ ಮುಚ್ಚಿ.

ಬೀಗ ಮೊದಲು, ಕವರು ಆಮೇಲೆ. ಇದರಲ್ಲಿ ಒಂದು ಅಪಾಯ ಇದೆ. ಚಕ್ರದ ಬ್ರೇಕ್ ಡಿಸ್ಕಿಗೆ ಹಾಕುವ ಬೀಗ, ಡಿಸ್ಕ್ ಲಾಕ್, ಪೂರ್ತಿ ಕವರಿನ ಕೆಳಗೆ ಕಣ್ಮರೆಯಾಗುತ್ತದೆ. ಬೆಳಿಗ್ಗೆ ಕವರು ತೆಗೆದು, ಸುತ್ತಿ, ಕಟ್ಟಿ, ಅದೇ ಗುಂಗಿನಲ್ಲಿ ಗಾಡಿ ಎತ್ತಿದರೆ ಅರ್ಧ ಸುತ್ತು ಉರುಳಿ ದಡ್ ಅಂತ ನಿಲ್ಲುತ್ತದೆ. ನನಗೆ ಒಮ್ಮೆ ಆಗಿದೆ. ಬಿದ್ದದ್ದು ಬೈಕ್, ಮುರಿದದ್ದು ಕ್ಲಚ್ ಲಿವರ್, ನಕ್ಕದ್ದು ಅಣ್ಣ. ಈಗ ಲಾಕಿನಿಂದ ಹ್ಯಾಂಡಲ್‌ಗೆ ಹಳದಿ ದಾರ ಕಟ್ಟುತ್ತೇನೆ. ಆ ದಾರ ಕೈಗೆ ಬರುವ ತನಕ ಕವರಿನ ಚೀಲ ಕಟ್ಟುವುದಿಲ್ಲ.

ರಿಪೇರಿ ಸಾಮಾನು ಮುಷ್ಟಿಯಷ್ಟು ಸಾಕು: ಟೆಂಟಿಗೆ ಹಚ್ಚುವ ಅಂಟು ಪಟ್ಟಿ ಒಂದಡಿ, ದಪ್ಪ ಸೂಜಿ, ಗಟ್ಟಿ ದಾರ, ಎರಡು ಮೀಟರ್ ಹಗ್ಗ, ನಾಲ್ಕು ಕೇಬಲ್ ಟೈ. ಇದನ್ನೆಲ್ಲ ಕವರಿನ ಚೀಲದಲ್ಲೇ ಇಡಿ. ಅಂಟು ಪಟ್ಟಿ ಕತ್ತರಿಸುವಾಗ ಮೂಲೆಗಳನ್ನು ದುಂಡಗೆ ಮಾಡಿ. ಚೂಪಾದ ಮೂಲೆ ಎರಡೇ ದಿನದಲ್ಲಿ ಎದ್ದು, ಪಟ್ಟಿ ಅಲ್ಲಿಂದಲೇ ಸಿಪ್ಪೆಯ ಹಾಗೆ ಬಿಡುತ್ತದೆ. ಒರೆಸಿ ಒಣಗಿಸಿ, ಹರಿದಲ್ಲಿ ಒಳಗೂ ಹೊರಗೂ ಎರಡು ತುಂಡು ಹಚ್ಚಿ, ಬೆರಳಲ್ಲಿ ಚೆನ್ನಾಗಿ ಉಜ್ಜಿ.

ಹೊರಡುವ ಮೊದಲು ಮನೆಯಲ್ಲಿ ಒಂದು ಸಲ ಅಭ್ಯಾಸ ಮಾಡಿ, ಅದೂ ಬಾಕ್ಸು, ಬ್ಯಾಗು ಎಲ್ಲ ಕಟ್ಟಿದ ಗಾಡಿಯ ಮೇಲೆ. ಖಾಲಿ ಬೈಕಿಗೆ ಸರಿಯಾಗಿದ್ದ ಕವರು ಟಾಪ್ ಬಾಕ್ಸ್ ಬಂದ ಮೇಲೆ ಗೇಣು ಮೇಲೇರುತ್ತದೆ. ರಾತ್ರಿ ದೀಪ ಆರಿಸಿ, ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು ಇನ್ನೊಂದು ಸಲ ಮಾಡಿ. ಹೊದಿಸಲು ನನಗೆ ಎರಡು ನಿಮಿಷ ಬೇಕು, ಮಡಚಿ ಕಟ್ಟಲು ನಾಲ್ಕು. ಹತ್ತು ನಿಮಿಷ ದಾಟಿದರೆ ಮೂರನೇ ದಿನದಿಂದ ನೀವು ಅದನ್ನು ಮುಟ್ಟುವುದಿಲ್ಲ, ಬರೆದಿಟ್ಟುಕೊಳ್ಳಿ.

ವಾಪಸ್ ಬಂದ ದಿನ ಸುಸ್ತಿದ್ದರೂ ಕವರನ್ನು ಚೀಲದಿಂದ ತೆಗೆದು ಹಗ್ಗಕ್ಕೆ ಹಾಕಿ. ಮರುದಿನ ಉಗುರು ಬೆಚ್ಚಗಿನ ನೀರು, ಸೌಮ್ಯ ಸೋಪು, ಮೆತ್ತಗಿನ ಸ್ಪಂಜು. ವಾಷಿಂಗ್ ಮೆಷಿನ್ ಬೇಡ, ಇಸ್ತ್ರಿ ಬೇಡ. ನೆರಳಲ್ಲಿ ಎರಡೂ ಮೈ ಒಣಗಲಿ, ಹೊಲಿಗೆ ಬೇಗ ಒಣಗುವುದಿಲ್ಲ, ಬೆರಳಲ್ಲಿ ಮುಟ್ಟಿ ನೋಡಿ. ಆಮೇಲೂ ಚೀಲಕ್ಕೆ ತುಂಬಬೇಡಿ. ನನ್ನದು ಬಾಗಿಲ ಹಿಂದಿನ ಮೊಳೆಗೆ ಸಡಿಲವಾಗಿ ನೇತಾಡುತ್ತಿರುತ್ತದೆ, ಕೆಂಪು ರಿಬ್ಬನ್ ಹೊರಗೆ ಕಾಣುವ ಹಾಗೆ. ಚೀಲಕ್ಕೆ ಹೋಗುವುದು ಮುಂದಿನ ಟ್ರಿಪ್ಪಿನ ಹಿಂದಿನ ರಾತ್ರಿ.